ಗುಂಯ್ ಎಂದ ಸಮ್ಮಿಂಗ್ ಮಿಕ್ಸರ್: ಒಂದು 16 ಚಾನೆಲ್ ಪೆಟ್ಟಿಗೆಯ ಮಹಜರು

ಸಮ್ಮಿಂಗ್ ಮಿಕ್ಸರ್ ಕಾಗದದ ಮೇಲೆ ಬಲು ಸರಳ. ಕಂಪ್ಯೂಟರಿನ ಆಡಿಯೊ ಇಂಟರ್‌ಫೇಸಿನಿಂದ ಬರುವ 16 ಲೈನುಗಳನ್ನು ಎಡಕ್ಕೆ ಎಂಟು, ಬಲಕ್ಕೆ ಎಂಟು ಕೂಡಿಸಿದರೆ ಸ್ಟೀರಿಯೊ. ಫೇಡರ್ ಇಲ್ಲ, ಈಕ್ಯೂ ಇಲ್ಲ. ಇಷ್ಟೇ ತಾನೆ ಎಂದು ಕಟ್ಟಿದ ಒಂದು ಪೆಟ್ಟಿಗೆ ಸ್ವಿಚ್ ಒತ್ತುತ್ತಲೇ ಫ್ಯೂಸ್ ಹಾರಿಸಿತು. ಅದು ಸರಿಯಾದರೆ ಸಂಜೆ ಹೊತ್ತು ಗುಂಯ್ ಎಂದಿತು. ಗುಂಯ್ ನಿಂತ ಮೇಲೆ ಸುಯ್ ಕೇಳಿಸಿತು. ಬೆಸುಗೆ ಚೆನ್ನಾಗಿಯೇ ಇತ್ತು, ತಪ್ಪಿದ್ದು ಪ್ಲಾನಿನಲ್ಲಿ.

ಫ್ಯೂಸ್ ಹಾರಿದ್ದು ವೋಲ್ಟೇಜನ್ನು ಸ್ಥಿರವಾಗಿಡುವ ರೆಗ್ಯುಲೇಟರಿನಿಂದ. ಪ್ಲಸ್ 15 ವೋಲ್ಟ್ ಕೊಡುವ 7815 ಮತ್ತು ಮೈನಸ್ 15 ಕೊಡುವ 7915 ನೋಡಲು ಅವಳಿ, ಒಳಗೆ ಅಲ್ಲ. 7815ರ ಕಾಲುಗಳು ಇನ್‌ಪುಟ್, ಗ್ರೌಂಡ್, ಔಟ್‌ಪುಟ್. ಬೆನ್ನಿನ ಲೋಹ ಗ್ರೌಂಡ್. 7915ರಲ್ಲಿ ಗ್ರೌಂಡ್, ಇನ್‌ಪುಟ್, ಔಟ್‌ಪುಟ್. ಬೆನ್ನಿನ ಲೋಹ ಇನ್‌ಪುಟ್. ಎರಡನ್ನೂ ನೇರವಾಗಿ ಪೆಟ್ಟಿಗೆಯ ಲೋಹಕ್ಕೆ ಬಿಗಿದರೆ ಮೈನಸ್ ಕಡೆ ಪೂರ್ತಿ ಶಾರ್ಟ್. ನಡುವೆ ಮೈಕಾ ಹಾಳೆ, ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಬೇಕು. ಮೂರ್ನಾಲ್ಕು ಆಪ್‌ಆಂಪಿಗೆ (ಸಿಗ್ನಲ್ ಕೂಡಿಸುವ ಆಂಪ್ಲಿಫೈಯರ್ ಚಿಪ್) ಸಣ್ಣ ಹೀಟ್‌ಸಿಂಕ್ ಸಾಕು, ಪೆಟ್ಟಿಗೆಗೆ ಬಿಗಿಯುವ ಉಸಾಬರಿಯೇ ಬೇಡ. ಮೊದಲ ಸಲ ಕರೆಂಟು ಕೊಡುವಾಗ 60 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬನ್ನು ಮೇನ್ಸ್ ಫೇಸಿಗೆ ಸೀರೀಸಿನಲ್ಲಿ ಇಡಿ. ಬಲ್ಬ್ ಒಮ್ಮೆ ಮಿಂಚಿ ಆರಬೇಕು. ಉರಿಯುತ್ತಲೇ ಇದ್ದರೆ ತಕ್ಷಣ ಪ್ಲಗ್ ಕೀಳಿ.

ಸಂಜೆಯ ಗುಂಯ್‌ಗೆ ಕಾರಣ 15-0-15 ಟ್ರಾನ್ಸ್‌ಫಾರ್ಮರ್. ಮನೆಯ ಲೈನ್ 230 ವೋಲ್ಟ್ ಇದ್ದಾಗ ಡಯೋಡ್ ಬ್ರಿಡ್ಜ್ ದಾಟಿ ಸುಮಾರು 20 ವೋಲ್ಟ್ ಬರುತ್ತದೆ. ಸಂಜೆ ಲೈನ್ 180ಕ್ಕೆ ಇಳಿದರೆ ಅದೇ 15 ವೋಲ್ಟಿನ ಆಸುಪಾಸು. 7815ಕ್ಕೆ ಕನಿಷ್ಠ 17 ಬೇಕು. ಅದಕ್ಕಿಂತ ಕಡಿಮೆಯಾದರೆ 100 ಹರ್ಟ್ಜ್ ಏರಿಳಿತ ನೇರ ಆಡಿಯೊಗೆ ನುಗ್ಗುತ್ತದೆ. ಲೋ ವೋಲ್ಟೇಜ್ ಮಾಮೂಲಾದ ನಮ್ಮ ಊರುಗಳಿಗೆ 18-0-18 ಹಾಕಿ, ಪ್ರತಿ ಕಡೆಗೂ 2200 ಮೈಕ್ರೋಫ್ಯಾರಡ್, 50 ವೋಲ್ಟಿನ ಕೆಪಾಸಿಟರ್ ಇಡಿ.

ಗುಂಯ್ 50 ಹರ್ಟ್ಜ್ ಇದ್ದರೆ ಕಥೆ ಬೇರೆ: ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ಅಥವಾ ಅರ್ತ್ ಲೂಪ್ (ಎರಡು ಉಪಕರಣಗಳ ನಡುವೆ ಅರ್ತ್ ಎರಡು ದಾರಿಯಲ್ಲಿ ಸೇರಿ ಸುತ್ತಾಗುವುದು). ಟ್ರಾನ್ಸ್‌ಫಾರ್ಮರನ್ನು ಬಸ್ ತಂತಿಗಳಿಂದ (ಎಲ್ಲ ಚಾನೆಲ್ ಬಂದು ಸೇರುವ ತಂತಿಗಳು) ದೂರದ ಮೂಲೆಗೆ ಸರಿಸಿ. ಕೇಬಲ್ಲಿನ ಶೀಲ್ಡ್ (ಹೊರ ಲೋಹದ ಹೊದಿಕೆ) ಸರ್ಕ್ಯೂಟ್ ಬೋರ್ಡಿನ ಗ್ರೌಂಡಿಗೆ ಹೋಗಬಾರದು, ಕನೆಕ್ಟರ್ ಬಳಿಯೇ ಪೆಟ್ಟಿಗೆಯ ಲೋಹಕ್ಕೆ ಸೇರಬೇಕು. ಗುಂಯ್ ನಿಲ್ಲಿಸಲು ಮೂರು ಪಿನ್ನಿನ ಪ್ಲಗ್‌ನ ಅರ್ತ್ ಕೀಳುವವರಿದ್ದಾರೆ. ಲೋಹದ ಪೆಟ್ಟಿಗೆಗೆ ಫೇಸ್ ತಗುಲಿದ ದಿನ ಮುಟ್ಟಿದವರ ಕಥೆ ಮುಗಿಯಿತು.

ಇನ್ನು ಸುಯ್. ಪ್ರತಿ ಲೈನಿನಲ್ಲೂ ಎರಡು ತಂತಿ: ಹಾಟ್‌ನಲ್ಲಿ ಸಿಗ್ನಲ್, ಕೋಲ್ಡ್‌ನಲ್ಲಿ ಅದರ ತಲೆಕೆಳಗಾದ ಪ್ರತಿ. ಹಾಗಾಗಿ ಎಡಬಲ ಪ್ರತಿ ಬದಿಗೂ ಹಾಟ್‌ಗೆ ಒಂದು, ಕೋಲ್ಡ್‌ಗೆ ಒಂದು ಬಸ್. ಪ್ರತಿ ಬಸ್ಸಿಗೆ ಎಂಟು 10 ಕೆ ರೆಸಿಸ್ಟರ್, ಫೀಡ್‌ಬ್ಯಾಕಿಗೂ 10 ಕೆ. ಸಿಗ್ನಲ್‌ಗೆ ಗೇನ್ 1, ಆದರೆ ಆಪ್‌ಆಂಪಿನ ಸ್ವಂತ ಶಬ್ದಕ್ಕೆ 9! ಒಂದು ಹಾಡೂ ನುಡಿಯದಿದ್ದರೂ ಅದು ಒಂಬತ್ತು ಪಟ್ಟು ಹಿಗ್ಗುತ್ತದೆ. ಟಿಎಲ್072 ಎಂಬ ಆಪ್‌ಆಂಪಿನ ಶಬ್ದ 18 ನ್ಯಾನೋವೋಲ್ಟ್, ಎನ್‌ಇ5532ರದು 5 (ಎರಡೂ ರೂಟ್ ಹರ್ಟ್ಜ್ ಲೆಕ್ಕ). ಚಿಪ್ ಬದಲಿಸಿದರೆ ಸುಮಾರು 9 ಡೆಸಿಬೆಲ್ ಇಳಿಯುತ್ತದೆ. ಇನ್ನೂ ದುಬಾರಿಯ ಎಲ್‌ಎಂ4562 ಹಾಕಿದರೆ ಸಿಗುವುದು ಸುಮಾರು 2 ಡೆಸಿಬೆಲ್, ಏಕೆಂದರೆ ಆಗ ಉಳಿದ ಸುಯ್ ಬಹುಪಾಲು ರೆಸಿಸ್ಟರುಗಳದೇ. ಫೀಡ್‌ಬ್ಯಾಕ್ ರೆಸಿಸ್ಟರಿಗೆ ಅಡ್ಡಲಾಗಿ 33 ಪಿಕೋಫ್ಯಾರಡ್ ಮರೆಯಬೇಡಿ. ಬಸ್ ತಂತಿ ಉದ್ದವಾದರೆ ಆಪ್‌ಆಂಪ್ ಕಿವಿಗೆ ಕೇಳದ ಎತ್ತರದಲ್ಲಿ ಆಸಿಲೇಟ್ ಆಗಿ ಬಿಸಿಯಾಗುತ್ತದೆ.

ಆಪ್‌ಆಂಪೇ ಬೇಡ, ಪ್ಯಾಸಿವ್ ಸಾಕು ಎನ್ನುವವರಿಗೆ: ಅದೇ ರೆಸಿಸ್ಟರುಗಳ ಜೊತೆ ಹಾಟ್ ಮತ್ತು ಕೋಲ್ಡ್ ಬಸ್ಸುಗಳ ನಡುವೆ 200 ಓಮ್ ಇಟ್ಟರೆ ಪ್ರತಿ ಚಾನೆಲ್ ಸುಮಾರು 41 ಡೆಸಿಬೆಲ್ ಕುಗ್ಗುತ್ತದೆ. ಅದನ್ನು ಮೇಲೆತ್ತಲು ಒಳ್ಳೆಯ ಮೈಕ್ ಪ್ರಿಆಂಪ್ (ಮೈಕಿನ ಸಣ್ಣ ಸಿಗ್ನಲ್ ಹಿಗ್ಗಿಸುವ ಆಂಪ್ಲಿಫೈಯರ್) ಜೋಡಿ ಬೇಕು, ಅಂದರೆ ಖರ್ಚು ಅಲ್ಲಿಗೆ ಹೋಗುತ್ತದೆ.

32 ರೆಸಿಸ್ಟರ್ ಬೇಕಾದ ಕಡೆ 100 ಕೊಳ್ಳಿ. 1% ಮೆಟಲ್ ಫಿಲ್ಮ್ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸುಲಭವಾಗಿ ಸಿಗುತ್ತದೆ. ಮಲ್ಟಿಮೀಟರಿನಲ್ಲಿ ಅಳೆದು ಪ್ರತಿ ಚಾನೆಲ್ಲಿನ ಹಾಟ್-ಕೋಲ್ಡ್ ಜೋಡಿ ಹೊಂದಿಸಿ. ಹೊಂದಿಸದಿದ್ದರೆ ಕೇಬಲ್ ಹೊತ್ತು ತರುವ ಗದ್ದಲ ಕೆಟ್ಟ ಸಂದರ್ಭದಲ್ಲಿ 34 ಡೆಸಿಬೆಲ್ ಮಾತ್ರ ತಗ್ಗುತ್ತದೆ; ಜೋಡಿಯ ವ್ಯತ್ಯಾಸ 0.2%ರೊಳಗೆ ಇದ್ದರೆ 54.

25 ಪಿನ್ನಿನ ಡಿ-ಸಬ್ ಕನೆಕ್ಟರಿನಲ್ಲಿ ಟಾಸ್ಕ್ಯಾಮ್ ಜೋಡಣೆಯಾದರೆ ಚಾನೆಲ್ 1ರ ಹಾಟ್ 24, ಕೋಲ್ಡ್ 12, ಶೀಲ್ಡ್ 25. ಯಮಹಾ ಜೋಡಣೆ ಬೇರೆ. ಕೇಬಲ್ ಕೊಳ್ಳುವ ಮುಂಚೆ ನೋಡಿಕೊಳ್ಳಿ. ಮುಚ್ಚಳ ಹಾಕುವ ಮುನ್ನ ಒಂದೊಂದೇ ಚಾನೆಲ್ಲಿಗೆ 1 ಕಿಲೋಹರ್ಟ್ಜ್ ಟೋನ್ ಕಳಿಸಿ. ಒಂದು ಚಾನೆಲ್ 6 ಡೆಸಿಬೆಲ್ ಕಡಿಮೆ ಬಂದರೆ ಅದರ ಹಾಟ್ ಅಥವಾ ಕೋಲ್ಡ್ ಬಿಟ್ಟುಹೋಗಿದೆ. ಒಂದೇ ಬದಿಯ ಎರಡು ಚಾನೆಲ್ ಸೇರಿಸಿದಾಗ ಟೋನ್ ಹೆಚ್ಚುವ ಬದಲು ಮಾಯವಾದರೆ ಒಂದರಲ್ಲಿ ಎರಡೂ ತಂತಿ ಅದಲುಬದಲಾಗಿವೆ.