ಚಿಂತೆ ಬರ್ದಿಡೋ ಆ್ಯಪ್, ಮೂರು ತಿಂಗಳು ಬಳಸಿದ್ಮೇಲೆ: ನಾಲ್ಕು ಸ್ಟಾರ್

ಆ್ಯಪ್ ಹೆಸರು ಹಾಕಲ್ಲ, ಬೈಯೋದೂ ಸ್ವಲ್ಪ ಇದೆ. ಕೆಲಸ ಸಿಂಪಲ್ಲು. ಏನಾದ್ರೂ ಭಯ ಹುಟ್ಟಿದ ತಕ್ಷಣ ಟೈಪ್ ಮಾಡ್ಬೇಕು, ಹಂಗೇ ಆಗತ್ತೆ ಅಂತ ಎಷ್ಟು ಪರ್ಸೆಂಟ್ ಅನ್ಸತ್ತೋ ಅದನ್ನೂ ಹಾಕ್ಬೇಕು, ಆ ದಿನ ಕಳೆದ್ಮೇಲೆ ಅದೇ ಬಂದು ಏನಾಯ್ತು ಅಂತ ಕೇಳತ್ತೆ. ನಂಗೆ ಆಂಗ್ಸೈಟಿ ಇದೆ ಅಂತ ಡಾಕ್ಟರ್ ಹೇಳಿ ವರ್ಷಗಳಾಯ್ತು, ಥೆರಪಿಗೂ ಹೋಗ್ತಾ ಇದೀನಿ, ಇದು ಅದ್ರ ಜೊತೆಗೆ ಹೊರತು ಅದ್ರ ಬದಲಿಗಲ್ಲ.

ನನ್ನ ಬಗ್ಗೆ ನಂಗಿದ್ದ ಒಂದೇ ಹೆಮ್ಮೆ ಅಂದ್ರೆ ಮೆಮೊರಿ. ಯಾರು ಯಾವತ್ತು ಮುಖ ಸಿಂಡರಿಸಿದ್ರು, ಯಾವ ಮೆಸೇಜಿಗೆ ಯಾರು ಬರೀ 'ಹ್ಞೂಂ' ಅಂದ್ರು, ಹತ್ತು ವರ್ಷ ಹಿಂದಿನದೂ ಹೇಳ್ತೀನಿ. ಆ ಹೆಮ್ಮೆ ಇಳಿದಿದ್ದು ಎರಡನೇ ವಾರ. ಒಂದು ಪ್ರೆಸೆಂಟೇಷನ್ ಇತ್ತು, ಮಧ್ಯದಲ್ಲಿ ಮಾತು ನಿಂತೋಗತ್ತೆ, ಎಲ್ರೂ ನಗ್ತಾರೆ, 90 ಪರ್ಸೆಂಟ್ ಅಂತ ಮುಂಚೆನೇ ಹಾಕಿದ್ದೆ. ಮುಗಿದ ಐದು ನಿಮಿಷಕ್ಕೆ ಆ್ಯಪ್ ಹೇಳ್ದಂಗೆ ಕಂಡಿದ್ದೆಲ್ಲ ಚಕಚಕ ಬರ್ದಿಟ್ಟೆ. ನಾಲ್ಕು ದಿನ ಬಿಟ್ಟು ಖಾಲಿ ಬಾಕ್ಸ್ ತೋರ್ಸಿ, ಅವತ್ತಿಂದು ಏನೇನು ನೆನಪಿದೆ ಬರೀರಿ ಅಂತು. ನನ್ನ ಕೈಯಿಂದ ಬಂದಿದ್ದು ಒಂದೇ ಸಾಲು, ಮೂಲೇಲಿ ಕೂತಿದ್ದವ್ರು ಆಕಳಿಸಿದ್ರು.

ಆಮೇಲೆ ನಾನೇ ಬರ್ದಿದ್ದ ಪಟ್ಟಿನ ಒಂದೊಂದಾಗಿ ಬಿಚ್ಚಿತು. ಇಬ್ರು ಪ್ರಶ್ನೆ ಕೇಳಿದ್ರು, ಅರೆ ಹೌದಲ್ವಾ. ಜೋಕಿಗೆ ನಕ್ರು, ಹೌದು. ಫೈಲ್ ಕಳ್ಸಿ ಅಂತ ಒಬ್ರು ಅಂದ್ರು, ಹೌದು ಹೌದು. ಎಲ್ಲಾ ಒಳಗೇ ಇತ್ತು ಕಣ್ರೀ, ತಾನಾಗಿ ಮೇಲೆ ಬರ್ತಿರ್ಲಿಲ್ಲ ಅಷ್ಟೇ. (ಆಕಳಿಸಿದವ್ರು ಹಿಂದಿನ ರಾತ್ರಿ ನಿದ್ದೆನೇ ಮಾಡಿರ್ಲಿಲ್ವಂತೆ.)

ಈ ಫೀಚರ್‌ಗೇ ಮೂರು ಸ್ಟಾರ್ ಕೊಟ್ಬಿಡ್ಬೋದು, ಯಾಕಂದ್ರೆ ಇದು ರಿಸರ್ಚಿಗೆ ಸರಿಯಾಗಿ ಕೂರತ್ತೆ. 2008ರಲ್ಲಿ ಕ್ರಿಸ್ಟಿನ್ ಮಿಟ್ಟೆ ಅನ್ನೋರು 165 ಸ್ಟಡಿಗಳನ್ನ ಒಟ್ಟಿಗೆ ಇಟ್ಟು ಲೆಕ್ಕ ಹಾಕಿದ್ರು. ಏನೂ ಸುಳಿವು ಕೊಡದೆ ನೆನಪು ಮಾಡ್ಕೊಳ್ಳಿ ಅಂದಾಗ ಆತಂಕ ಜಾಸ್ತಿ ಇರೋರಿಗೆ ಭಯದ ವಿಷಯ ಹೆಚ್ಚು ಬರತ್ತೆ, ಅದೇ ಎದುರಿಗೆ ತೋರ್ಸಿ ಇದನ್ನ ಮುಂಚೆ ನೋಡಿದ್ರಾ ಅಂತ ಕೇಳಿದಾಗ ಆ ವ್ಯತ್ಯಾಸ ಕಾಣಲ್ಲ. ಇಷ್ಟೆಲ್ಲಾ ಇದ್ರೂ ಆ್ಯಪ್‌ನ ಹೆಲ್ಪ್ ಪೇಜಲ್ಲಿ 'ಆತಂಕ ಇರೋರು ಭಯದ್ದು ಯಾವ್ದನ್ನೂ ಮರೆಯಲ್ಲ' ಅಂತ ಢಾಣಾಡಂಗೂರ ಹೊಡೆದಿದಾರೆ. ತಪ್ಪು. ನೆನಪಿನ ವಿಷ್ಯದಲ್ಲಿ ರಿಸಲ್ಟು ಒಂದೇ ತರ ಬಂದಿಲ್ಲ, ಗಮನದ ವಿಷ್ಯದಲ್ಲೇ ಗಟ್ಟಿ. 1986ರಲ್ಲೇ ಮ್ಯಾಕ್‌ಲಿಯೋಡ್, ಮ್ಯಾಥ್ಯೂಸ್, ಟಾಟಾ ಸೇರ್ಕೊಂಡು ಸ್ಕ್ರೀನ್ ಮೇಲೆ ಎರಡು ಪದ ತೋರ್ಸಿ, ಆಮೇಲೆ ಒಂದರ ಜಾಗದಲ್ಲಿ ಚುಕ್ಕೆ ಇಟ್ಟು ನೋಡಿದ್ರು. ಭಯದ ಪದ ಇದ್ದ ಕಡೆ ಚುಕ್ಕೆ ಬಂದ್ರೆ ಆತಂಕದ ಪೇಷೆಂಟ್‌ಗಳು ಬೇಗ ಬಟನ್ ಒತ್ತುತಿದ್ರು. ಅಂದ್ರೆ ನನ್ನ ಕಣ್ಣು ಆ ಆಕಳಿಕೆ ಮೇಲೇ ಅಂಟ್ಕೊಂಡಿತ್ತು, ಮಿಕ್ಕವ್ರನ್ನ ನೋಡಿದ್ರೂ ನೋಡ್ದಂಗೆ.

ಈಗ ಆ ಒಂದು ಸ್ಟಾರ್ ಯಾಕೆ ಕಟ್ ಅಂತ. ಎಂಟ್ರಿನ ಎಷ್ಟು ಸಲ ಬೇಕಾದ್ರೂ ತೆಗೆದು ಓದ್ಬೋದು, ನನ್ನಂಥೋರಿಗೆ ಅದೇ ಗುಂಡಿ. ಒಂದು ಮೇಲ್ ಸರಿಯಾದವ್ರಿಗೇ ಕಳ್ಸಿದ್ನಾ ಅಂತ ಡೌಟ್ ಬಂದು, ಕಳ್ಸಿದ್ದೀನಿ ಅಂತ ಬರ್ದಿದ್ದ ಎಂಟ್ರಿನ ಒಂದೇ ಸಂಜೆ ಇಪ್ಪತ್ತು ಸಲ ತೆಗೆದಿದೀನಿ, ಕೊನೆಗೆ ಆ ಎಂಟ್ರಿ ಬರ್ದಿದ್ದು ನಾನೇನಾ ಅಂತಾನೇ ಡೌಟು. ವಾನ್ ಡೆನ್ ಹೌಟ್ ಮತ್ತೆ ಕಿಂಡ್ಟ್ 2003ರಲ್ಲಿ ಕಂಪ್ಯೂಟರ್ ಮೇಲಿನ ಗ್ಯಾಸ್ ಸ್ಟೌವನ್ನ ಜನರ ಕೈಲಿ ಮತ್ತೆ ಮತ್ತೆ ಚೆಕ್ ಮಾಡ್ಸಿ ಇದನ್ನೇ ತೋರ್ಸಿದ್ರು, ನೆನಪು ತಪ್ಪಾಗಲ್ಲ, ಆದ್ರೆ ಮಸುಕಾಗತ್ತೆ, ಅದ್ರ ಮೇಲಿನ ನಂಬಿಕೆ ಹೋಗತ್ತೆ. ದಿನಕ್ಕೆ ಎರಡು ಸಲ ಓದಿದ್ಮೇಲೆ ಲಾಕ್ ಆಗೋಗ್ಬೇಕು, ಅಷ್ಟು ಮಾಡಕ್ಕೇನು ಕಷ್ಟ?

ಇನ್ನು ರಾತ್ರಿ ಹನ್ನೊಂದಕ್ಕೆ 'ನಿಮ್ಮ ಹಳೇ ಚಿಂತೆ ನೆನಪಿದ್ಯಾ' ಅಂತ ನೋಟಿಫಿಕೇಷನ್. ಹೆದರಿದವ್ರ ಮೇಲೆ ಹಾವು ಎಸೆದಂಗೆ. ಸೆಟ್ಟಿಂಗ್ಸಲ್ಲಿ ಆಫ್ ಮಾಡ್ಕೊಳ್ಳಿ ಮೊದ್ಲು.

ಲೆಕ್ಕ ಹೇಳ್ಬೇಕಂದ್ರೆ ಮೂರು ತಿಂಗಳಲ್ಲಿ ನನ್ನವು 57 ಎಂಟ್ರಿ, ಹೇಳ್ದಂಗೇ ಆಗಿದ್ದು 6. ಇದೇ ತರ ಚಿಂತೆ ಡೈರಿ ಬರ್ಸಿದ 2020ರ ಸ್ಟಡಿಲಿ, ಅದೂ 29 ಜನರ ಸಣ್ಣ ಸ್ಟಡಿ, 91 ಪರ್ಸೆಂಟ್ ಚಿಂತೆಗಳು ನಡೀಲೇ ಇಲ್ಲ. ನನ್ನದೂ ಹೆಚ್ಚುಕಮ್ಮಿ ಅಲ್ಲೇ ಇದೆ. ಆದ್ರೆ ಈಗಲೂ ಪಟ್ ಅಂತ ನೆನಪಾಗೋದು ಆ ಆರೇ, ಮಿಕ್ಕ 51 ನೋಡಕ್ಕೆ ಆ್ಯಪ್ ತೆಗೀಬೇಕು.

ಲಾಕ್ ವಿಷ್ಯ ಸಪೋರ್ಟಿಗೆ ಮೇಲ್ ಹಾಕಿದೀನಿ. ಉತ್ತರ ಬರಲ್ಲ, 80 ಪರ್ಸೆಂಟ್ ಅಂತ ಅದ್ರಲ್ಲೇ ಎಂಟ್ರಿನೂ ಮಾಡಿದೀನಿ.