ಕಾರ್ಟೂನಿಗಾಗಿ ಇ-ಪೇಪರ್ ಚಂದಾ: ಕೊಟ್ಟ ರೊಕ್ಕಕ್ಕೆ ಮೋಸವಿಲ್ಲ, ಆದರೆ…

ಮನೆಗೆ ಪೇಪರ್ ಬರುತ್ತಿದ್ದರೂ ಅದೇ ಪೇಪರಿನ ಇ-ಪೇಪರಿಗೆ ಬೇರೆ ಚಂದಾ ಕಟ್ಟುವವನನ್ನು ಕಂಡರೆ ನಮ್ಮ ಬಾಗಲಕೋಟೆ ನವನಗರದ ಮಂದಿ ನಗುತ್ತಾರೆ. ನಾನು ಕೆಲವು ವರ್ಷಗಳಿಂದ ಕಟ್ಟುತ್ತಿದ್ದೇನೆ, ಅದೂ ಮುಖ್ಯವಾಗಿ ವ್ಯಂಗ್ಯಚಿತ್ರಕ್ಕಾಗಿ. ನನ್ನದು ಫ್ಲೆಕ್ಸ್, ಬೋರ್ಡ್ ಡಿಸೈನ್ ಮಾಡುವ ಅಂಗಡಿ. ದಿನವೆಲ್ಲ ಗೆರೆ, ಅಕ್ಷರ ನೋಡುವುದೇ ಕೆಲಸ. ಮುಖಪುಟದಲ್ಲಿ ಹೆಡ್‌ಲೈನಿಗಿಂತ ಮೊದಲು ಕಣ್ಣು ಹೋಗುವುದು ಆ ಒಂದು ಕಾಲಮ್ಮಿನ ಪಾಕೆಟ್ ಕಾರ್ಟೂನಿಗೆ. ಆ್ಯಪ್‌ನ ಹೆಸರು ಇಲ್ಲಿ ಬೇಡ.

"ಫುಕಟ್ ಸಿಗೂದಕ್ಕ ರೊಕ್ಕ ಯಾಕ ಕೊಡ್ತೀರಿ ಅಣ್ಣಾರ?" ಅನ್ನುತ್ತಾನೆ ಅಂಗಡಿಯ ಹುಡುಗ. ಅವನು ಹೇಳುವುದು ಸುಳ್ಳೇನಲ್ಲ. ಒಳ್ಳೆಯ ಕಾರ್ಟೂನು ಚಹಾ ಕುಡಿಯುವಷ್ಟರಲ್ಲಿ ವಾಟ್ಸಾಪಿಗೆ ಬಂದೇ ಬರುತ್ತದೆ. ಆದರೆ ಹಾಗೆ ಬಂದದ್ದಕ್ಕೆ ತಾರೀಖಿಲ್ಲ, ಎಷ್ಟೋ ಸಲ ಬರೆದವರ ಸಹಿಯೂ ಕತ್ತರಿಸಿ ಹೋಗಿರುತ್ತದೆ. ರಾಜಕೀಯ ವ್ಯಂಗ್ಯಚಿತ್ರದ ಅರ್ಧ ಜೀವ ಇರುವುದು ತಾರೀಖಿನಲ್ಲಿ. ಆರ್.ಕೆ. ಲಕ್ಷ್ಮಣ್ ತೀರಿಕೊಂಡದ್ದು 2015ರ ಜನವರಿ 26ರಂದು. ಅವರ ಕಾಮನ್ ಮ್ಯಾನ್ ಮಾತ್ರ, ಅದೇ ಚೌಕಳಿ ಕೋಟು, ಅದೇ ಧೋತರದಲ್ಲಿ, ಬೆಲೆ ಏರಿದಾಗಲೆಲ್ಲ ಗ್ರೂಪಿಗೆ ಹಾಜರು. ಯಾವುದೋ ಕಾಲದ ಸರ್ಕಾರದ ಮೇಲೆ ಬರೆದ ಚಿತ್ರಕ್ಕೆ ಇಂದಿನ ಪಕ್ಷಗಳ ಹೆಸರು ಅಂಟಿಸಿ ಎರಡೂ ಕಡೆಯವರು ಕಳಿಸುತ್ತಾರೆ. ಕೆಳಗೆ ಜಗಳ ಶುರು.

ಇ-ಪೇಪರಿನಲ್ಲಿ ಆ ತೊಂದರೆ ಇಲ್ಲ. ಕಾರ್ಟೂನು ತನ್ನ ಪುಟದಲ್ಲೇ ಇರುತ್ತದೆ, ಯಾವ ಸುದ್ದಿಗೆ ಅದು ಚುಚ್ಚುತ್ತಿದೆಯೋ ಆ ಸುದ್ದಿಯೂ ಬಹಳ ಸಲ ಅದೇ ಪುಟದಲ್ಲಿ. ಬೆರಳಿಂದ ಚೌಕ ಎಳೆದು ಕ್ಲಿಪ್ ಮಾಡಿದರೆ ಪತ್ರಿಕೆಯ ಹೆಸರು, ಆವೃತ್ತಿ, ದಿನಾಂಕ ಅದರ ಜೊತೆಗೇ ಬರುತ್ತವೆ. ನಾನು ಯಾರಿಗೇ ಕಳಿಸಿದರೂ ಹೀಗೇ ಕಳಿಸುತ್ತೇನೆ. ಇಡೀ ಆ್ಯಪ್‌ನಲ್ಲಿ ನನಗೆ ಬೇಕಾದ್ದು ಇದೊಂದೇ ಅಂದರೂ ನಡೆದೀತು.

ಇನ್ನು ಬೈಯಬೇಕಾದ್ದು. ಪುಟವನ್ನು ಎಷ್ಟು ಹಿಂಡಿ ಹಾಕಿರುತ್ತಾರೆಂದರೆ, ಅಕ್ಷರವೇನೋ ಓದಲು ಬರುತ್ತದೆ, ಗೆರೆ ಮಾತ್ರ ಸತ್ತುಹೋಗುತ್ತದೆ. ಝೂಮ್ ಮಾಡಿದರೆ ಕಪ್ಪು ಗೆರೆಯ ಸುತ್ತ ಧೂಳು ಕೂತ ಹಾಗೆ ಬೂದು ಚುಕ್ಕಿ. ಬ್ರಷ್‌ನಲ್ಲಿ ದಪ್ಪ ಗೆರೆ ಎಳೆಯುವವರ ಚಿತ್ರ ಹೇಗೋ ಬದುಕುತ್ತದೆ. ಸಣ್ಣ ಸಣ್ಣ ಅಡ್ಡಗೆರೆ ಹಾಕಿ ನೆರಳು ತರುವವರದು ಮಸಿ ಬಳಿದಂತಾಗುತ್ತದೆ. ಮುಖ ನೋಡಿ ಮಂತ್ರಿ ಯಾರೆಂದು ಗುರುತು ಸಿಗದಿದ್ದರೆ ಕ್ಯಾರಿಕೇಚರ್ ಯಾಕೆ ಬೇಕು? ಹುಡುಕಾಟವೂ ದಂಡ. ಕಾರ್ಟೂನಿನ ಮಾತು ಚಿತ್ರದೊಳಗೆ ಕೈಬರಹದಲ್ಲಿರುತ್ತದೆ, ಸರ್ಚ್‌ಗೆ ಅದು ಕಾಣುವುದೇ ಇಲ್ಲ. ತಾರೀಖು ನೆನಪಿದ್ದರೆ ಹಳೆಯದು ಸಿಗುತ್ತದೆ, ಇಲ್ಲದಿದ್ದರೆ ಪುಟ ತಿರುವುತ್ತ ಕೂಡಬೇಕು.

ಕಾಮೆಂಟಿನ ವಿಷಯಕ್ಕೆ ಬಂದರೆ ಹೇಳುವುದು ಬಹಳ ಇದೆ. ಆಲಮಟ್ಟಿ ಅಣೆಕಟ್ಟಿನ ಎತ್ತರ ಹೆಚ್ಚಿಸುವ ಸುದ್ದಿ ಎದ್ದಾಗ ಒಂದು ಕಾರ್ಟೂನು ಬಂದಿತ್ತು. ಕುತ್ತಿಗೆಮಟ ನೀರಲ್ಲಿ ನಿಂತ ರೈತ, ತಲೆಯ ಮೇಲೆ ಪರಿಹಾರದ ಫೈಲು. ದಂಡೆಯಲ್ಲಿ ಟೇಪ್ ಹಿಡಿದ ಅಧಿಕಾರಿ, "ನೀವೂ ಒಂದೈದು ಮೀಟರ್ ಎತ್ತರ ಬೆಳೀರಿ" ಅನ್ನುತ್ತಿದ್ದಾನೆ. ಲೆಕ್ಕ ಗೊತ್ತಿದ್ದವರಿಗೆ ನಗು ಜಾಸ್ತಿ: ಈಗ ಜಲಾಶಯದಲ್ಲಿ ನೀರು ನಿಲ್ಲಿಸುವುದು 519.6 ಮೀಟರ್‌ವರೆಗೆ, ಕೃಷ್ಣಾ ನದಿ ನೀರು ಹಂಚುವ ಎರಡನೇ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ್ದು 524.256ಕ್ಕೆ. ನವನಗರ ಹುಟ್ಟಿದ್ದೇ ಮುಳುಗಡೆಯಿಂದ, ಹಾಗಾಗಿ ಇಲ್ಲಿ ಆ ಅಂಕಿ ಬಾಯಿಪಾಠ ಇರುವವರು ಬಹಳ.

ಕೆಳಗೆ ಮೊದಲು ಎಂದಿನಂತೆ "ಸೂಪರ್ ಸರ್"ಗಳು. ಆಮೇಲೆ ಪಕ್ಷದ ಜಗಳ. ಸಾಂಗಲಿ ಕಡೆಯವರೊಬ್ಬರು ಮರಾಠಿಯಲ್ಲೇ, ಆಲಮಟ್ಟಿಯ ಹಿನ್ನೀರಿನಿಂದಲೇ ತಮ್ಮ ಊರಿಗೆ ಮಹಾಪೂರ ಬರುವುದು ಎಂದು ಬರೆದರು. ಅದಕ್ಕೆ ಇಲ್ಲಿನವರ ಉತ್ತರ, ಉತ್ತರಕ್ಕೆ ಪ್ರತ್ಯುತ್ತರ. ಇದೆಲ್ಲದರ ನಡುವೆ ಬೀಳಗಿ ಕಡೆಯವರೊಬ್ಬರ ಒಂದೇ ಸಾಲು: "ನೀರ ಬಂದಾಗ ತಲಿಮ್ಯಾಲೆ ಫೈಲ್ ಅಲ್ಲರೀ, ಜ್ವಾಳದ ಚೀಲ ಇರ್ತತಿ." ಕಾರ್ಟೂನಿಗಿಂತ ಆ ಸಾಲೇ ನನಗೆ ಹೆಚ್ಚು ನೆನಪಿದೆ. ಬೆಂಗಳೂರಿನಲ್ಲಿ ಕೂತು ಬರೆದವರಿಗೆ ಹೊಳೆಯದ್ದನ್ನು ನೀರಲ್ಲಿ ನಿಂತವರು ತಿದ್ದಿದ್ದರು. ಇಂಥದ್ದಕ್ಕೇ ನಾನು ಕಾಮೆಂಟು ಓದುವುದು.

ಆದರೆ ಆ್ಯಪ್‌ನವರು ಕಾಮೆಂಟನ್ನು ಪರಿಶೀಲನೆಗೆ ಹಿಡಿದಿಟ್ಟುಕೊಳ್ಳುತ್ತಾರೆ. ಬೈಗುಳ ತಡೆಯಲು ಅದು ಬೇಕು, ಒಪ್ಪುತ್ತೇನೆ. ಬೆಳಿಗ್ಗೆ ಬರೆದದ್ದಕ್ಕೆ ರಾತ್ರಿ ಒಪ್ಪಿಗೆ ಸಿಕ್ಕರೆ ಓದುವವರು ಯಾರು? ಅಷ್ಟರಲ್ಲಿ ಮರುದಿನದ ಕಾರ್ಟೂನು ತಯಾರಾಗಿರುತ್ತದೆ. ಚಿತ್ರದ ಬಗ್ಗೆಯೇ ನಾಲ್ಕು ಮಾತು ಆಡುವ ಮನಸ್ಸಿದ್ದರೆ ಕಲಾವಿದರ ಸ್ವಂತ ಫೇಸ್‌ಬುಕ್ ಪುಟಕ್ಕೆ ಹೋಗುವುದು ಲೇಸು. ಅಲ್ಲಿ ಚಿತ್ರವೂ ಸ್ವಚ್ಛ, ಕೆಲವರು ಉತ್ತರವನ್ನೂ ಕೊಡುತ್ತಾರೆ.

ಸ್ಟ್ರಿಪ್, ಅಂದರೆ ಸಾಲಾಗಿ ಕೆಲವು ಚೌಕಟ್ಟುಗಳಲ್ಲಿ ಬರುವ ಚಿತ್ರಕಥೆ, ಓದುವವರಿಗೆ ಈ ಚಂದಾ ಬೇಡ. ಅದಕ್ಕೆ ಅಮೆರಿಕದ ಸಿಂಡಿಕೇಟುಗಳ (ಹಲವು ಪತ್ರಿಕೆಗಳಿಗೆ ಕಾರ್ಟೂನು ಹಂಚುವ ಕಂಪನಿಗಳ) ಸೈಟುಗಳೇ ಸರಿ, ಹಳೆಯ ಸ್ಟ್ರಿಪ್‌ಗಳನ್ನು ದಿನಕ್ಕೊಂದರಂತೆ ಮತ್ತೆ ಹಾಕುತ್ತಾರೆ. ಅಲ್ಲಿ ತಾರೀಖಿನ ಹಂಗು ಕಡಿಮೆ. ಚಾರ್ಲ್ಸ್ ಶುಲ್ಜ್ ಅವರ 'ಪೀನಟ್ಸ್' 1950ರ ಅಕ್ಟೋಬರಿನಲ್ಲಿ ಶುರುವಾಗಿ 2000ದ ಫೆಬ್ರುವರಿ 13ಕ್ಕೆ ಮುಗಿಯಿತು. ಅವರು ತೀರಿಕೊಂಡದ್ದು ಅದರ ಹಿಂದಿನ ರಾತ್ರಿ. ಅದರ ನಾಯಕ, ಹುಡುಗ ಚಾರ್ಲಿ ಬ್ರೌನ್ ಸೋಲುವುದನ್ನು ನೋಡಲು ಅಂದಿನ ಸುದ್ದಿ ಗೊತ್ತಿರಬೇಕಿಲ್ಲ. ಡಿಸೈನರ್ ಕಣ್ಣಿಗೆ ಬಿದ್ದ ಒಂದು ಮಾತು ಹೇಳುತ್ತೇನೆ. ಪೀನಟ್ಸ್‌ಗೆ ಆರಂಭದಲ್ಲಿ ನಾಲ್ಕು ಸಮ ಚೌಕಟ್ಟು ಇಟ್ಟದ್ದು ಸಂಪಾದಕರ ಅನುಕೂಲಕ್ಕೆ: ಜಾಗ ಇದ್ದಂತೆ ಅಡ್ಡಸಾಲಾಗಿ, ಒಂದರ ಕೆಳಗೊಂದಾಗಿ ಅಥವಾ ಎರಡೆರಡಾಗಿ ಜೋಡಿಸಿಕೊಳ್ಳಬಹುದಿತ್ತು. ಜಾಗ ಉಳಿಸಲು ಮಾಡಿದ ಆ ಉಪಾಯ ಇಂದು ಮೊಬೈಲಿಗೆ ಹೇಳಿ ಮಾಡಿಸಿದಂತಿದೆ. 'ಕ್ಯಾಲ್ವಿನ್ ಅಂಡ್ ಹಾಬ್ಸ್' ಬರೆದ ಬಿಲ್ ವಾಟರ್ಸನ್ 1991-92ರ ಬಿಡುವಿನ ನಂತರ ಭಾನುವಾರದ ಚಿತ್ರಕ್ಕೆ ಯಾರೂ ತುಂಡರಿಸದ ಅರ್ಧ ಪುಟವೇ ಬೇಕೆಂದು ಪಟ್ಟು ಹಿಡಿದು ಪಡೆದರು. ಆ ವಿಶಾಲ ಪುಟಗಳು ಮೊಬೈಲಿನಲ್ಲಿ ಅಂಗೈಯಗಲ ಆಗಿಬಿಡುತ್ತವೆ. ಅವನ್ನು ಅಂಗಡಿಯ ದೊಡ್ಡ ಮಾನಿಟರಿನಲ್ಲೇ ನೋಡುತ್ತೇನೆ, ಗಿರಾಕಿ ಇಲ್ಲದಾಗ.

ನಮ್ಮ ಕಡೆಯವರಿಗೆ ಕಾರ್ಟೂನಿನ ಸುಗ್ಗಿ ಅಂದರೆ ಬೆಳಗಾವಿ ಅಧಿವೇಶನ. ಸುವರ್ಣ ವಿಧಾನಸೌಧ 2012ರಲ್ಲಿ ಉದ್ಘಾಟನೆಯಾದ ಮೇಲೆ ಚಳಿಗಾಲದಲ್ಲಿ ಕುಂದಾ ಡಬ್ಬಿ ಹಿಡಿದ ಶಾಸಕ ಒಮ್ಮೆಯಾದರೂ ಬರದೆ ಹೋಗುವುದಿಲ್ಲ. ಬೆಂಗಳೂರಿನವರಿಗೆ ಅದು ಪಿಕ್ನಿಕ್ ಜೋಕು. ಇಲ್ಲಿಯ ಕಾಮೆಂಟುಗಳಲ್ಲಿ ಕೇಳುವ ಪ್ರಶ್ನೆ ಬೇರೆ: ಕುಂದಾ ತಿನ್ನಲಿ, ನಮ್ಮ ನೀರಾವರಿ ಚರ್ಚೆಗೆ ಎಷ್ಟು ತಾಸು ಕೊಟ್ಟರು? ಆ ದಿನಗಳಲ್ಲಿ ಬೆಳಗಾವಿ ಮತ್ತು ಬೆಂಗಳೂರು ಎರಡೂ ಆವೃತ್ತಿ ತೆರೆದು, ಒಂದೇ ಕಾರ್ಟೂನಿನ ಸುತ್ತ ಎಲ್ಲಿ ಯಾವ ಸುದ್ದಿ ಇಟ್ಟಿದ್ದಾರೆ ನೋಡಿ. ಈ ಸೌಲಭ್ಯ ಕಾಗದದ ಪೇಪರಿನಲ್ಲಿ ಇಲ್ಲವೇ ಇಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕಟ್ಟುವುದಾದರೆ ವರ್ಷದ ಚಂದಾ ಕಟ್ಟಿ, ತಿಂಗಳದ್ದು ತುಟ್ಟಿ ಬೀಳುತ್ತದೆ. ಅಧಿವೇಶನಕ್ಕೆ ಮುಂಚೆ ಶುರುಮಾಡಿ, ಮತ್ತು ಖಾತೆಯಿಂದ ತಾನಾಗಿಯೇ ದುಡ್ಡು ಕಡಿತವಾಗುವ ಆಯ್ಕೆಯನ್ನು ಅಂದೇ ಬಂದ್ ಮಾಡಿ. ಆಮೇಲೆ ಆ ಬಟನ್ ಹುಡುಕುವುದು ಹಳೆಯ ಕಾರ್ಟೂನು ಹುಡುಕುವುದಕ್ಕಿಂತ ಕಷ್ಟ.