ಓಪನ್ ಎಂಸಿಟಿ: ಕಂಟ್ರೋಲ್ ರೂಮ್ ಈಗ ನನ್ನ ಹಳೇ ಲ್ಯಾಪ್‌ಟಾಪಲ್ಲಿ
ನಾಸಾದ ಏಮ್ಸ್ ಸೆಂಟರ್‌ನೋರು ಜೆಪಿಎಲ್ (ನಾಸಾದ್ದೇ ಇನ್ನೊಂದು ಲ್ಯಾಬ್) ಜೊತೆ ಸೇರಿ ಮಾಡಿರೋ ಫ್ರೀ ಸಾಫ್ಟ್‌ವೇರು, ನೌಕೆಯಿಂದ ಬರೋ ಡೇಟಾನ ಕಂಟ್ರೋಲರ್‌ಗಳು ಬ್ರೌಸರಲ್ಲೇ ಲೈವ್ ನೋಡೋಕೆ. ನೋಡ್‌ಜೆಎಸ್ (ಜಾವಾಸ್ಕ್ರಿಪ್ಟ್ ಓಡಿಸೋ ಸಾಫ್ಟ್‌ವೇರು) ಇದ್ರೆ ಎರಡು ಮೂರು ಕಮಾಂಡು ಅಷ್ಟೇ, 8080 ಪೋರ್ಟಲ್ಲಿ ಓಪನ್ ಆಯ್ತು. ಈಗ ನೌಕೆ ಎಲ್ಲಿಂದ ತರೋದು, ಅದಕ್ಕೇ ಸುಳ್ಳು ಡೇಟಾ ಹುಟ್ಟಿಸೋ ಸೈನ್ ವೇವ್ ಜನರೇಟರ್ ಅಂತ ಕೊಟ್ಟಿದಾರೆ, ಅದನ್ನ ಎಳ್ಕೊಂಡೋಗಿ ಪ್ಲಾಟ್ (ಗ್ರಾಫ್) ಮೇಲೆ ಬಿಟ್ರೆ ಸಾಕು ಗೆರೆ ಅಲೆ ಅಲೆಯಾಗಿ ಓಡ್ತಾನೇ ಇರತ್ತೆ, ಕಾಫಿ ಆರೋಗೋವರೆಗೂ ನೋಡ್ತಾ ಕೂತಿದ್ದೆ. ಟೈಮ್ ಹಿಂದಕ್ಕೆ ಸೆಟ್ ಮಾಡಿದ್ರೆ ಹಳೇ ಡೇಟಾನೂ ಅದೇ ಪರದೇಲಿ. ಒಂದು ಗಮನಿಸಿ, ನೀವು ಜೋಡಿಸಿದ ಲೇಔಟ್ ಮೊದ್ಲಿಗೆ ನಿಮ್ಮ ಬ್ರೌಸರಲ್ಲಷ್ಟೇ ಉಳಿಯತ್ತೆ, ಪಕ್ಕದ ಸೀಟ್‌ನೋರಿಗೂ ಕಾಣ್ಬೇಕು ಅಂದ್ರೆ ಕೌಚ್‌ಡಿಬಿ ಅನ್ನೋ ಡೇಟಾಬೇಸ್ ಹಾಕ್ಬೇಕು, ನಿಜವಾದ ಡೇಟಾಗೆ ಪ್ಲಗಿನ್ (ಜೊತೆಗೆ ಸೇರಿಸೋ ಕೋಡು) ನಾವೇ ಬರೀಬೇಕು. ನನಗೆ ಜಾವಾಸ್ಕ್ರಿಪ್ಟ್ ಅಷ್ಟಕ್ಕಷ್ಟೇ, ಸದ್ಯಕ್ಕೆ ಸೈನ್ ವೇವೇ ಗತಿ.